ಪಿನ್‌ಕೋಡಿನಂತೆ ಐಪಿ ವಿಳಾಸವನ್ನೂ ಊರಿನ ಲೆಕ್ಕದಲ್ಲಿ ಹಂಚಬಹುದೇ?

ಕಾಗದ ಬರೆಯುವ ಅಭ್ಯಾಸ ನಿಮ್ಮಲ್ಲಿ ಹೆಚ್ಚಿನವರಿಗೆ ಇರಲಾರದು. ಆದರೂ ಬ್ಯಾಂಕಿನ ಚೆಕ್‌ಬುಕ್ಕೋ ಆಧಾರ್ ಕಾರ್ಡೋ ಅಂಚೆಯಲ್ಲಿ ಬಂದಾಗ ಲಕೋಟೆಯ ಮೇಲೆ 577001 ಎಂದೋ 577004 ಎಂದೋ ಅಚ್ಚಾಗಿದ್ದುದನ್ನು ನೋಡಿರುತ್ತೀರಿ. ಗುವಾಹಟಿಯಲ್ಲಿ ಆ ಲಕೋಟೆಯನ್ನು ವಿಂಗಡಿಸುವ ನೌಕರನಿಗೆ ದಾವಣಗೆರೆಯಲ್ಲಿ ಎಷ್ಟು ಅಂಚೆ ಕಚೇರಿಗಳಿವೆ, ಪಿ.ಜೆ. ಬಡಾವಣೆ ಎಲ್ಲಿದೆ, ವಿದ್ಯಾನಗರ ಎಲ್ಲಿದೆ ಎಂಬುದು ತಿಳಿದಿರಬೇಕಾಗಿಲ್ಲ. ಮೊದಲಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಮೊದಲ ಮೂರು ಅಂಕಿ 577 ಎಂದರೆ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರುಗಳ ಸೀಮೆ. ಅವನು ಚೀಲವನ್ನು ಆ ಕಡೆಗೆ ಕಳಿಸಿದರೆ ಸಾಕು. ಉಳಿದ ಮೂರು ಅಂಕಿಗಳನ್ನು ಓದುವ ಹೊಣೆ ಇಲ್ಲಿಯವರದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಇಂದು 19,000ಕ್ಕೂ ಹೆಚ್ಚು ಪಿನ್‌ಕೋಡ್‌ಗಳಿದ್ದರೂ, ವಿಂಗಡಣೆಗೆ ಕುಳಿತ ಯಾರೊಬ್ಬರೂ ಅಷ್ಟನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಐಪಿ ವಿಳಾಸವೆಂಬ ಸಂಖ್ಯೆಯನ್ನು ನೋಡಿ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಮುಂದಕ್ಕೆ ಕಳಿಸುವ ಇಂಟರ್‌ನೆಟ್ಟಿನ ರೂಟರ್‌ಗೆ ಈ ಸೌಕರ್ಯವಿಲ್ಲ. ಜಾಲದ ನಡುಭಾಗದಲ್ಲಿ ಕುಳಿತಿರುವ ಒಂದು ದೊಡ್ಡ ರೂಟರು ಇಂದು ಹಳೆಯ ಮಾದರಿಯ ವಿಳಾಸವಾದ ಐಪಿವಿ4 ಒಂದರಲ್ಲೇ ಹತ್ತು ಲಕ್ಷದ ಆಸುಪಾಸಿನ ದಾರಿಗಳನ್ನು ನೆನಪಿಟ್ಟುಕೊಂಡಿರಬೇಕು; ಹೊಸ ಮಾದರಿಯಾದ ಐಪಿವಿ6ರ ಎರಡು ಲಕ್ಷಕ್ಕೂ ಮಿಕ್ಕಿದ ದಾರಿಗಳು ಅದರ ಮೇಲೆ. ಅದು ಗುವಾಹಟಿಯಲ್ಲೇ ಇರಲಿ, ಬ್ರೆಜಿಲ್ಲಿನಲ್ಲೇ ಇರಲಿ, ದಾವಣಗೆರೆಯ ಒಂದು ಸಣ್ಣ ಜಾಲದ 256 ವಿಳಾಸಗಳಿಗೂ ಅದರಲ್ಲಿ ಪ್ರತ್ಯೇಕ ಸಾಲೊಂದು ಇರಬಹುದು. ಅಂಚೆ ಇಲಾಖೆ ಮಾಡಿದ್ದನ್ನು ಇಂಟರ್‌ನೆಟ್ಟು ಏಕೆ ಮಾಡಲಿಲ್ಲ? ಊರಿನ ಲೆಕ್ಕದಲ್ಲಿ ವಿಳಾಸ ಹಂಚಿದರೆ ಪಟ್ಟಿ ಕುಗ್ಗುವುದಿಲ್ಲವೇ? ಇಂದು ನಾನು ಮಾತನಾಡಬೇಕೆಂದಿರುವುದು ಈ ಒಂದು ಪ್ರಶ್ನೆಯ ಬಗ್ಗೆ ಮಾತ್ರ. ಅದು ಸುಲಭವಾಗಿ ಕಾಣುತ್ತದೆ; ಮೂವತ್ತು ವರ್ಷಗಳಿಂದ ಬುದ್ಧಿವಂತರು ಮತ್ತೆ ಮತ್ತೆ ಕೈಗೆತ್ತಿಕೊಂಡು ಮತ್ತೆ ಮತ್ತೆ ಕೆಳಗಿಟ್ಟಿದ್ದಾರೆ.

ಪಟ್ಟಿ ದೊಡ್ಡದಾದರೆ ಏನು ಕಷ್ಟ ಎಂದು ನೀವು ಕೇಳಬಹುದು. ಹತ್ತು ಲಕ್ಷ ಸಾಲು ಎಂದರೆ ನಿಮ್ಮ ಮೊಬೈಲಿನ ಮೆಮೊರಿಯ ಒಂದು ಮೂಲೆಗೂ ಸಾಲದು, ನಿಜ. ಆದರೆ 100 ಗಿಗಾಬಿಟ್ಟಿನ ಒಂದು ಲಿಂಕಿನಲ್ಲಿ ಚಿಕ್ಕ ಗಾತ್ರದ ಪ್ಯಾಕೆಟ್‌ಗಳು ತುಂಬಿ ಬಂದರೆ ಸೆಕೆಂಡಿಗೆ 14.88 ಕೋಟಿ ಪ್ಯಾಕೆಟ್‌ಗಳು ಬರುತ್ತವೆ. ಒಂದೊಂದಕ್ಕೂ ದಾರಿ ಹುಡುಕಲು ಏಳು ನ್ಯಾನೊಸೆಕೆಂಡ್ ಕೂಡ ಸಿಗುವುದಿಲ್ಲ. ಹುಡುಕಾಟವೂ ನೇರವಾದದ್ದಲ್ಲ. ಒಂದೇ ವಿಳಾಸಕ್ಕೆ ಪಟ್ಟಿಯ ಹಲವು ಸಾಲುಗಳು ಹೊಂದಬಹುದು. ಅವುಗಳಲ್ಲಿ ಅತಿ ಉದ್ದವಾಗಿ, ಅಂದರೆ ಅತಿ ನಿರ್ದಿಷ್ಟವಾಗಿ ಹೊಂದುವ ಸಾಲನ್ನೇ ಆರಿಸಬೇಕು ಎಂಬುದು ನಿಯಮ. ಇದಕ್ಕಾಗಿ ಅನೇಕ ರೂಟರ್‌ಗಳಲ್ಲಿ ಟಿಕ್ಯಾಮ್ ಎಂಬ ವಿಶೇಷ ಮೆಮೊರಿ ಇರುತ್ತದೆ. ಅದು ದುಬಾರಿ, ವಿದ್ಯುತ್ತನ್ನು ವಿಪರೀತ ನುಂಗುತ್ತದೆ, ಮತ್ತು ಅದರ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿ ಬರುತ್ತದೆ.

2014ರ ಆಗಸ್ಟ್ 12ರಂದು ಇದರ ಬಿಸಿ ಜಗತ್ತಿಗೆ ತಟ್ಟಿತು. ಆ ಕಾಲದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಕೆಲವು ಹಳೆಯ ರೂಟರ್‌ಗಳಲ್ಲಿ ಐಪಿವಿ4 ದಾರಿಗಳಿಗೆಂದು ಮೀಸಲಿಟ್ಟಿದ್ದ ಜಾಗ 512ಕೆ, ಅಂದರೆ ಐದು ಲಕ್ಷ ಚಿಲ್ಲರೆ. ಅಂದು ಅಮೆರಿಕದ ದೊಡ್ಡ ಕಂಪನಿಯೊಂದರಿಂದ ಸುಮಾರು 15,000 ಹೊಸ ದಾರಿಗಳು ಒಮ್ಮೆಗೇ ಹೊರಬಿದ್ದವು, ಗಡಿ ದಾಟಿತು, ಹಲವೆಡೆ ಜಾಲ ಕುಂಟತೊಡಗಿತು. ನಾನು ಆಗ ಕೆಲಸ ಮಾಡುತ್ತಿದ್ದ ಕಡೆಯೂ ಅಂಥದೊಂದು ರೂಟರಿತ್ತು. ಐಪಿವಿ6ಕ್ಕೆ ಮೀಸಲಿಟ್ಟ ಜಾಗದಿಂದ ಒಂದಿಷ್ಟನ್ನು ಕಿತ್ತು ಐಪಿವಿ4ಕ್ಕೆ ಕೊಟ್ಟು, ರಾತ್ರಿ ಎರಡು ಗಂಟೆಗೆ ರೀಬೂಟ್ ಮಾಡಿ, ಅದು ಮೇಲೇಳುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಮುಂದಿನ ಕಾಲಕ್ಕೆಂದು ಇಟ್ಟ ಜಾಗವನ್ನು ಹಿಂದಿನ ಕಾಲದ ಸಂಖ್ಯೆಗೆ ಬಿಟ್ಟುಕೊಟ್ಟೆವಲ್ಲ ಎಂಬ ಕಸಿವಿಸಿ ನನಗೆ ಇನ್ನೂ ಇದೆ.

ಈಗ ಒಗ್ಗೂಡಿಸುವುದು ಎಂದರೇನು ಎಂಬುದನ್ನು ಅಂಕಿಗಳಲ್ಲೇ ನೋಡೋಣ. 10.20.0, 10.20.1, 10.20.2, 10.20.3 ಎಂದು ಆರಂಭವಾಗುವ ನಾಲ್ಕು ಸಣ್ಣ ಜಾಲಗಳಿವೆ ಎಂದುಕೊಳ್ಳಿ. ಒಂದೊಂದರಲ್ಲೂ 256 ವಿಳಾಸಗಳು. ವಿಳಾಸವನ್ನು 0 ಮತ್ತು 1ರಲ್ಲಿ ಬರೆದಾಗ ಮೊದಲ 24 ಬಿಟ್ಟುಗಳು, ಅಂದರೆ ಅಂಕಿಗಳು, ಜಾಲದ ಗುರುತಾದ್ದರಿಂದ ಇವನ್ನು ಸ್ಲ್ಯಾಶ್ 24 ಎನ್ನುತ್ತೇವೆ. ಈ ನಾಲ್ಕರಲ್ಲೂ ಮೊದಲ 22 ಬಿಟ್ಟುಗಳು ಒಂದೇ. ನಾಲ್ಕಕ್ಕೂ ದಾರಿ ಒಂದೇ ಕಡೆಯಿಂದ ಹೋಗುವುದಾದರೆ, ದೂರದ ರೂಟರು ನಾಲ್ಕು ಸಾಲುಗಳ ಬದಲು 10.20.0.0 ಸ್ಲ್ಯಾಶ್ 22 ಎಂಬ ಒಂದೇ ಸಾಲನ್ನು ಇಟ್ಟುಕೊಳ್ಳಬಹುದು. ‘ದಾರಿ ಒಂದೇ ಕಡೆಯಿಂದ ಹೋಗುವುದಾದರೆ’ ಎಂಬ ಷರತ್ತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ.

1993ಕ್ಕೆ ಮುಂಚೆ ಇಂಥ ಮಡಿಕೆಗೆ ಅವಕಾಶವೇ ಇರಲಿಲ್ಲ. ವಿಳಾಸಗಳು ಎ, ಬಿ, ಸಿ ಎಂಬ ಮೂರು ಸಿದ್ಧ ಅಳತೆಗಳಲ್ಲಿ ಸಿಗುತ್ತಿದ್ದವು. ಸಿ ವರ್ಗದ 256 ವಿಳಾಸ ಕಡಿಮೆಯಾಯಿತೆಂದರೆ ಬಿ ವರ್ಗದ 65,536 ತೆಗೆದುಕೊಳ್ಳಬೇಕು. ನಡುವಿನ ಅಳತೆಯೇ ಇಲ್ಲ. ಅಂಗಿಯ ಅಂಗಡಿಯಲ್ಲಿ ಮಗುವಿನದೂ ಪೈಲ್ವಾನನದೂ ಬಿಟ್ಟು ಬೇರೆ ಅಳತೆ ಇಲ್ಲದಂತೆ. ಬಿ ವರ್ಗ ಮುಗಿಯುತ್ತ ಬಂತು. ಅದರ ಬದಲು ಕೈತುಂಬ ಸಿ ವರ್ಗಗಳನ್ನು ಕೊಡೋಣವೆಂದರೆ ದಾರಿಪಟ್ಟಿ ಉಬ್ಬತೊಡಗಿತು. ಆಗ ಬಂದದ್ದು ಸಿಐಡಿಆರ್, ಅಂದರೆ ವರ್ಗಗಳ ಗೋಡೆ ಕೆಡವಿ, ಗಡಿಯನ್ನು ಯಾವ ಬಿಟ್ಟಿನ ಬಳಿಯಾದರೂ ಎಳೆಯುವ ಪದ್ಧತಿ. ದೊಡ್ಡ ಐಎಸ್‌ಪಿಗೆ, ಅಂದರೆ ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಗೆ, ದೊಡ್ಡ ತುಂಡು, ಅದರೊಳಗಿಂದ ಗ್ರಾಹಕರಿಗೆ ಚಿಕ್ಕ ತುಂಡುಗಳು. ಹೊರಜಗತ್ತಿಗೆ ಐಎಸ್‌ಪಿ ತನ್ನ ದೊಡ್ಡ ತುಂಡೊಂದನ್ನೇ ಸಾರಿದರೆ ಸಾಕು. ಇದರಲ್ಲಿ ವಿಳಾಸವು ಊರನ್ನು ಹೇಳುವುದಿಲ್ಲ, ಯಾರಿಂದ ಸಂಪರ್ಕ ಪಡೆದಿದ್ದೀರಿ ಎಂಬುದನ್ನು ಹೇಳುತ್ತದೆ.

ಈ ಪದ್ಧತಿ ಇಂದಿಗೂ ಇಂಟರ್‌ನೆಟ್ಟನ್ನು ಹಿಡಿದು ನಿಲ್ಲಿಸಿದೆ. ಆದರೂ 1990ರ ದಶಕದ ನಡುವಿನಲ್ಲಿ ಕೆಲವು ಹತ್ತು ಸಾವಿರಗಳಷ್ಟಿದ್ದ ಪಟ್ಟಿ 2001ರ ಹೊತ್ತಿಗೆ ಲಕ್ಷ ಮುಟ್ಟಿತು, ಅಲ್ಲಿಂದ ಹತ್ತುಪಟ್ಟಾಗಿ ಬೆಳೆಯಿತು. ಕಾರಣವನ್ನು ನಮ್ಮ ಊರಿನಲ್ಲೇ ನೋಡಬಹುದು. ಕೇಬಲ್ ಟಿವಿಯಿಂದ ಆರಂಭಿಸಿ ಬ್ರಾಡ್‌ಬ್ಯಾಂಡಿಗೆ ಬಂದ ಒಬ್ಬ ಆಪರೇಟರನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಕಡೆಯಿಂದ ಒಂದು ಕಂಪನಿಯ ಫೈಬರ್ ತೆಗೆದುಕೊಂಡಿದ್ದಾರೆ. ಹಿರಿಯೂರಿನ ಬಳಿ ಹೆದ್ದಾರಿ ಕೆಲಸದ ಜೆಸಿಬಿ ಅದನ್ನು ಕತ್ತರಿಸಿದರೆ ಊರೇ ಕತ್ತಲಾಗುತ್ತದೆಂದು ಹುಬ್ಬಳ್ಳಿಯ ಕಡೆಯಿಂದ ಇನ್ನೊಂದು ಕಂಪನಿಯ ಲಿಂಕನ್ನೂ ತೆಗೆದುಕೊಳ್ಳುತ್ತಾರೆ. ವಿವೇಕದ ಕೆಲಸವೇ. ಆದರೆ ಮೊದಲ ಕಂಪನಿಯ ತುಂಡಿನೊಳಗಿನ ವಿಳಾಸವನ್ನು ಎರಡನೆಯ ಕಂಪನಿಯ ಮೂಲಕವೂ ಸಾರಬೇಕಾದರೆ ಅದು ಮಡಿಕೆಯಿಂದ ಹೊರಗೆ ಬಂದು ಪ್ರತ್ಯೇಕ ಸಾಲಾಗಲೇಬೇಕು. ಅದರ ಬದಲು ನಮ್ಮ ದೇಶದ ನೋಂದಣಿ ಸಂಸ್ಥೆಯಾದ ಐಆರ್‌ಐಎನ್‌ಎನ್‌ನಿಂದ ಸ್ವಂತ ವಿಳಾಸ ಪಡೆದರೂ ಫಲ ಅದೇ. ದಾವಣಗೆರೆಯ ಆ ಒಂದು ಸ್ಲ್ಯಾಶ್ 24, ಪೂರ್ಣ ಪಟ್ಟಿ ಇಟ್ಟುಕೊಂಡಿರುವ ಜಗತ್ತಿನ ಪ್ರತಿಯೊಂದು ರೂಟರಿನಲ್ಲೂ ಒಂದು ಸಾಲನ್ನು ಆಕ್ರಮಿಸುತ್ತದೆ, ಮತ್ತು ಆ ರೂಟರುಗಳ ಒಡೆಯರಿಗೆ ನಮ್ಮ ಆಪರೇಟರು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಭದ್ರಾ ನಾಲೆಯ ಮೇಲ್ಭಾಗದಲ್ಲಿ ಒಂದು ಪಂಪ್‌ಸೆಟ್ ಇಟ್ಟವನಿಗೆ ಅದರಿಂದ ನಷ್ಟವಿಲ್ಲ. ಕೊನೆಯ ಭಾಗದ ರೈತನಿಗೆ ಮಾತ್ರ ನೀರು ಬರುವುದಿಲ್ಲ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಒಬ್ಬೊಬ್ಬರ ವಿವೇಕವೂ ಸೇರಿ ಎಲ್ಲರ ಹೊರೆಯಾಗುವುದು ಹೀಗೆ.

ಇಲ್ಲಿಯೇ ಊರಿನ ವಿಳಾಸದ ಆಸೆ ಹುಟ್ಟುತ್ತದೆ. ಈ ಆಪರೇಟರು ಎಷ್ಟು ಕಂಪನಿಗಳನ್ನು ಬದಲಿಸಿದರೂ ದಾವಣಗೆರೆಯಲ್ಲೇ ಇರುತ್ತಾರೆ. ಹಾಗಿದ್ದರೆ ವಿಳಾಸವನ್ನು ಕಂಪನಿಗೆ ಕಟ್ಟುವ ಬದಲು ಊರಿಗೆ ಕಟ್ಟಿಬಿಟ್ಟರೆ? ಐಪಿವಿ6ರ ತಂದೆಯರಲ್ಲೊಬ್ಬರಾದ ಸ್ಟೀವ್ ಡೀರಿಂಗ್ 1990ರ ದಶಕದ ನಡುವಿನಲ್ಲಿ ಮಹಾನಗರಕ್ಕೊಂದು ವಿಳಾಸ ಸಮೂಹ ಕೊಡುವ ಯೋಜನೆಯನ್ನು ಮುಂದಿಟ್ಟರು. ಟೋನಿ ಹೇನ್ ಇನ್ನೂ ಮುಂದೆ ಹೋಗಿ, ಅಕ್ಷಾಂಶ ರೇಖಾಂಶಗಳಿಂದಲೇ ಐಪಿವಿ6 ವಿಳಾಸ ಕಟ್ಟುವ ಕರಡೊಂದನ್ನು ಬರೆದರು. ಅದರ ಚಮತ್ಕಾರವನ್ನು ಗಣಿತ ಇಷ್ಟಪಡುವವರಿಗಾಗಿ ಹೇಳಿಬಿಡುತ್ತೇನೆ. ಅಕ್ಷಾಂಶದ ಒಂದು ಬಿಟ್ಟು, ರೇಖಾಂಶದ ಒಂದು ಬಿಟ್ಟು, ಹೀಗೆ ಜಡೆ ಹೆಣೆದಂತೆ ಹೆಣೆಯುತ್ತ ಹೋಗಬೇಕು. ಆಗ ವಿಳಾಸದ ಮೊದಲ ಕೆಲವು ಬಿಟ್ಟುಗಳು ಭೂಪಟದ ಒಂದು ದೊಡ್ಡ ಚೌಕವನ್ನು ಸೂಚಿಸುತ್ತವೆ. ಇನ್ನೆರಡು ಬಿಟ್ಟು ಸೇರಿಸಿದರೆ ಆ ಚೌಕದ ಕಾಲುಭಾಗ. ಹೀಗೆ ಇಳಿಯುತ್ತ ಕೊನೆಗೆ ಕೆಲವೇ ಮೀಟರ್ ಅಗಲದ ಜಾಗಕ್ಕೆ ಬಂದು ನಿಲ್ಲುತ್ತದೆ. ಸುಮಾರು 14.46 ಡಿಗ್ರಿ ಉತ್ತರ, 75.92 ಡಿಗ್ರಿ ಪೂರ್ವದಲ್ಲಿರುವ ನಮ್ಮ ಊರಿಗೆ ಯಾರನ್ನೂ ಕೇಳದೆಯೇ ಒಂದು ವಿಳಾಸ ಸಮೂಹ ಸಿಕ್ಕಿಬಿಡುತ್ತದೆ. ಕಾಗದದ ಮೇಲೆ ಬಹಳ ಚೆಂದ.

ಇದರ ಒರಟು ರೂಪವೊಂದು ಕಾಗದದಿಂದ ಆಚೆಗೂ ಬಂದಿತ್ತು. 1993ರ ಮಾರ್ಗಸೂಚಿಯೊಂದು ಸಿ ವರ್ಗದ ವಿಳಾಸಗಳನ್ನು ಖಂಡಗಳ ಲೆಕ್ಕದಲ್ಲಿ ಹಂಚಿತು: 194 ಮತ್ತು 195 ಯುರೋಪಿಗೆ, 198 ಮತ್ತು 199 ಉತ್ತರ ಅಮೆರಿಕಕ್ಕೆ, 200 ಮತ್ತು 201 ಮಧ್ಯ ಹಾಗೂ ದಕ್ಷಿಣ ಅಮೆರಿಕಕ್ಕೆ, 202 ಮತ್ತು 203 ಏಷ್ಯಾ-ಪೆಸಿಫಿಕ್ ಭಾಗಕ್ಕೆ. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮಲ್ಲಿ ಸಾರ್ವಜನಿಕ ಇಂಟರ್‌ನೆಟ್ ಆರಂಭಿಸಿದ ಮೇಲೆ, ಮೋಡೆಮ್ಮಿನ ಕಿರುಚಾಟ ಕೇಳಿ ಬೆಳೆದ ನನ್ನ ವಯಸ್ಸಿನವರಿಗೆ 202.54 ಎಂಬ ಆರಂಭ ಮನೆಯ ಫೋನ್ ನಂಬರಿನಷ್ಟೇ ಪರಿಚಿತ. ಹಾಗಾದರೆ ಅಮೆರಿಕದ ರೂಟರೊಂದು ‘202 ಮತ್ತು 203 ಎಂದರೆ ಏಷ್ಯಾ’ ಎಂದು ಒಂದೇ ಸಾಲು ಬರೆದುಕೊಂಡು ಸುಮ್ಮನಿರಬಹುದಿತ್ತಲ್ಲ? ಬರೆದುಕೊಳ್ಳಲಾಗಲಿಲ್ಲ. ಏಷ್ಯಾ ಎಂಬ ಹೆಸರಿನ ಒಂದು ಬಾಗಿಲು ಅಲ್ಲಿರಲಿಲ್ಲ. ಜಪಾನಿನ ಕಂಪನಿ ಒಂದು ತಂತಿಯಿಂದ, ಆಸ್ಟ್ರೇಲಿಯಾದ್ದು ಇನ್ನೊಂದರಿಂದ, ಭಾರತದ್ದು ಮತ್ತೊಂದರಿಂದ, ಬೇರೆ ಬೇರೆ ಅಮೆರಿಕನ್ ಕಂಪನಿಗಳಿಗೆ ಹಣ ಕೊಟ್ಟು ಬಂದು ಸೇರುತ್ತಿದ್ದರು. ಏಷ್ಯಾದ ಎರಡು ದೇಶಗಳ ನಡುವಿನ ಸಂಚಾರವೇ ಎಷ್ಟೋ ವೇಳೆ ಅಮೆರಿಕಕ್ಕೆ ಹೋಗಿ ಮರಳುತ್ತಿತ್ತು. ಭಾರತದೊಳಗಿನ ಎರಡು ಐಎಸ್‌ಪಿಗಳ ನಡುವಿನ ಸಂಚಾರವೂ ಹೊರದೇಶ ಸುತ್ತಿ ಬರುತ್ತಿದ್ದುದರಿಂದಲೇ 2003ರಲ್ಲಿ ನಿಕ್ಸಿ, ಅಂದರೆ ದೇಶದ ಐಎಸ್‌ಪಿಗಳು ಒಂದೆಡೆ ಸೇರಿ ಪರಸ್ಪರ ಸಂಚಾರ ಬದಲಿಸಿಕೊಳ್ಳುವ ಎಕ್ಸ್‌ಚೇಂಜು, ಹುಟ್ಟಿದ್ದು. ಸಂಖ್ಯೆಗಳು ಭೂಪಟದಂತೆ ಕೂತಿದ್ದವು, ತಂತಿಗಳು ಕೂತಿರಲಿಲ್ಲ.

ದಾವಣಗೆರೆಯವರಿಗೆ ಇದನ್ನು ವಿವರಿಸಲು ನನಗೆ ರೈಲಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಇಲ್ಲಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು, ಒಂದು ಗಂಟೆಯ ಪಯಣ. ಅದೇ ರೈಲಿನಲ್ಲಿ ಹೋಗಬೇಕೆಂದರೆ ಮೊದಲು ಬೆಂಗಳೂರಿನ ದಾರಿ ಹಿಡಿದು ಚಿಕ್ಕಜಾಜೂರಿಗೆ ಹೋಗಬೇಕು, ಅಲ್ಲಿಂದ ಬಳ್ಳಾರಿ ಕಡೆಯ ಕವಲು ಹಿಡಿದು ದುರ್ಗಕ್ಕೆ ಬರಬೇಕು. ಭೂಪಟ ನೋಡಿ ‘ಇವೆರಡೂ ಅಕ್ಕಪಕ್ಕದ ಊರು, ಒಂದೇ ಸಾಲಿನಲ್ಲಿ ಬರೆದರಾಯಿತು’ ಎಂದು ರೈಲ್ವೆ ಗುಮಾಸ್ತನೊಬ್ಬ ದುರ್ಗದ ಪಾರ್ಸೆಲ್ಲನ್ನು ದಾವಣಗೆರೆಗೆ ಕಳಿಸಿದರೆ ಅದು ಚಿಕ್ಕಜಾಜೂರನ್ನು ದಾಟಿ ಬಂದು ಮತ್ತೆ ಅಲ್ಲಿಗೇ ಮರಳಬೇಕಾಗುತ್ತದೆ. ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ಮಾರ್ಗ ಪೂರ್ತಿಯಾದ ದಿನ ಅದೇ ಗುಮಾಸ್ತ ಹೇಳಿದ್ದು ಸರಿಯಾಗುತ್ತದೆ. ಊರುಗಳು ಕದಲಿರುವುದಿಲ್ಲ, ಹಳಿ ಬದಲಾಗಿರುತ್ತದೆ. ಜಾಲಗಳು ಒಂದಕ್ಕೊಂದು ದಾರಿ ಸಾರಿಕೊಳ್ಳುವ ಭಾಷೆಯಾದ ಬಿಜಿಪಿಯನ್ನು ರೂಪಿಸಿದವರಲ್ಲೊಬ್ಬರಾದ ಯಾಕೊವ್ ರೆಖ್ಟರ್ ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ನಿಯಮದ ತಿರುಳು ಇಷ್ಟೇ: ವಿಳಾಸವು ಜೋಡಣೆಯನ್ನು ಅನುಸರಿಸಬಹುದು, ಇಲ್ಲವೇ ಜೋಡಣೆಯು ವಿಳಾಸವನ್ನು ಅನುಸರಿಸಬಹುದು, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು.

ಪಿನ್‌ಕೋಡ್ ಕೂಡ ನಾವು ಭಾವಿಸಿದಷ್ಟು ಭೂಗೋಳದ್ದಲ್ಲ ಎಂಬುದಕ್ಕೆ ಹರಪನಹಳ್ಳಿಯನ್ನು ನೋಡಿ. 1997ರಲ್ಲಿ ಅದು ಬಳ್ಳಾರಿಯಿಂದ ನಮ್ಮ ಹೊಸ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಷ್ಟು ಕಾಲವೂ ಅದರ ಪಿನ್‌ಕೋಡು 583131 ಆಗಿಯೇ ಉಳಿಯಿತು. ಜಿಲ್ಲೆಯ ಗಡಿ ಎಲ್ಲಿ ಹರಿದರೂ ಅಂಚೆ ಚೀಲ ಹರಿಯುವ ದಾರಿಯೇ ಅಂಕಿಯನ್ನು ನಿರ್ಧರಿಸಿತು.

ಇಲ್ಲಿಯವರೆಗೆ ತಂತಿಯ ಮಾತಾಯಿತು. ನನ್ನ ಅಭಿಪ್ರಾಯದಲ್ಲಿ ಈ ಯೋಜನೆಗಳು ಮುಗ್ಗರಿಸಿದ್ದು ತಂತಿಯಲ್ಲಲ್ಲ, ಹಣದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ದಾವಣಗೆರೆಗೆ ಒಂದು ವಿಳಾಸ ಸಮೂಹ ಸಿಕ್ಕಿದೆ, ಊರಿನಲ್ಲಿ ಮೂರು ಐಎಸ್‌ಪಿಗಳಿವೆ, ಮೂರರ ಗ್ರಾಹಕರಿಗೂ ಅದೇ ಸಮೂಹದಿಂದ ಬಿಡಿ ವಿಳಾಸಗಳು ಹೋಗಿವೆ ಎಂದುಕೊಳ್ಳಿ. ದೂರದ ಜಗತ್ತಿಗೆ ‘ದಾವಣಗೆರೆಯ ಸಮೂಹಕ್ಕೆ ದಾರಿ ನನ್ನ ಮೂಲಕ’ ಎಂದು ಸಾರುವವರು ಯಾರು? ಮೊದಲ ಐಎಸ್‌ಪಿ ಸಾರಿತು ಎನ್ನೋಣ. ಒಡನೆಯೇ ಉಳಿದಿಬ್ಬರ ಗ್ರಾಹಕರಿಗೆ ಬರುವ ಸಿನಿಮಾ, ಕ್ರಿಕೆಟ್ಟು, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಅದರ ಲಿಂಕಿನಲ್ಲಿ ಇಳಿಯತೊಡಗುತ್ತವೆ. ಬೆಂಗಳೂರಿನಿಂದ ಇಲ್ಲಿಯವರೆಗೆ ಹೊತ್ತು ತಂದು ಎದುರಾಳಿಯ ಬಾಗಿಲಿಗೆ ಇಳಿಸಬೇಕು, ಕೂಲಿ ಕೊಡುವವರಿಲ್ಲ. ಕೂಲಿಯಿಲ್ಲದೆ ಹೊರುವುದಿಲ್ಲವೆಂದು ಅದು ಆ ಪ್ಯಾಕೆಟ್‌ಗಳನ್ನು ಬಿಸಾಡಿದರೆ, ಊರಿನ ಮೂರನೇ ಎರಡು ಪಾಲು ಜನಕ್ಕೆ ಜಾಲ ಇದ್ದೂ ಇಲ್ಲದಂತಾಗುತ್ತದೆ. ಮೂವರೂ ಸಾರಿದರೆ, ಯಾರ ಗ್ರಾಹಕರ ಸಂಚಾರ ಯಾರ ಮೇಲೆ ಬೀಳುತ್ತದೆಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಮೂವರೂ ಊರಿನಲ್ಲೇ ಒಂದು ಎಕ್ಸ್‌ಚೇಂಜಿನಲ್ಲಿ ಸೇರಿ, ಯಾರು ಎಷ್ಟು ಹೊತ್ತರೆಂದು ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. ಡೀರಿಂಗ್ ಅವರ ಯೋಜನೆಯೂ ಇಂಥ ಸಂಧಿಸ್ಥಳಗಳನ್ನೇ ನೆಚ್ಚಿಕೊಂಡಿತ್ತು. ಟೆಲಿಫೋನ್ ಕಂಪನಿಗಳಿಗೆ ಆ ಬಗೆಯ ಲೆಕ್ಕ ರೂಢಿ. ಇಂಟರ್‌ನೆಟ್ಟು ಬೆಳೆದದ್ದು ‘ನನ್ನ ಗ್ರಾಹಕರ ದಾರಿಯನ್ನು ಮಾತ್ರ ನಾನು ಸಾರುತ್ತೇನೆ’ ಎಂಬ ರೂಢಿಯ ಮೇಲೆ. ಗುವಾಹಟಿಯ ನೌಕರನೂ ದಾವಣಗೆರೆಯ ಅಂಚೆಯಣ್ಣನೂ ಒಂದೇ ಇಲಾಖೆಯಿಂದ ಸಂಬಳ ಪಡೆಯುವವರು. ಪಿನ್‌ಕೋಡ್ ನಡೆಯುತ್ತಿರುವುದು ಅದರ ಬಲದಿಂದ. ಜಾಲದಲ್ಲಿ 75,000ಕ್ಕೂ ಹೆಚ್ಚು ಸ್ವತಂತ್ರ ‘ಇಲಾಖೆ’ಗಳಿವೆ.

ಹಾಗೆಂದು ಭೂಗೋಳವನ್ನು ಪೂರ್ತಿ ಕೈಬಿಡಬೇಕೇ? ಇಲ್ಲ. 2000ದ ದಶಕದ ಆರಂಭದಲ್ಲಿ ಇಲ್ಯಿಚ್ ವಾನ್ ಬೈನಮ್ ಎಂಬ ಡಚ್ ತಂತ್ರಜ್ಞರು ಮುಂದಿಟ್ಟ ರೂಪವೊಂದು ನನಗೆ ಎಲ್ಲಕ್ಕಿಂತ ವ್ಯಾವಹಾರಿಕವಾಗಿ ಕಂಡಿದೆ. ಒಗ್ಗೂಡಿಸುವುದನ್ನು ಕಂಪನಿ ಕಂಪನಿಗಳ ನಡುವೆ ಮಾಡಲೇಬೇಡಿ, ಒಂದೊಂದು ಕಂಪನಿಯೂ ತನ್ನ ಜಾಲದೊಳಗೆ ಮಾಡಿಕೊಳ್ಳಲಿ ಎನ್ನುತ್ತದೆ ಅದು. ಜಗತ್ತಿನೆಲ್ಲೆಡೆ ಹರಡಿರುವ ಒಂದು ಕಂಪನಿ ಲೋಕವನ್ನು ಹತ್ತು ವಲಯಗಳಾಗಿ ವಿಂಗಡಿಸಿಕೊಂಡಿದೆ, ವಿಳಾಸಗಳೂ ವಲಯವಾರು ಹಂಚಿಕೆಯಾಗಿವೆ ಎಂದುಕೊಳ್ಳೋಣ. ಅದರ ಬೆಂಗಳೂರಿನ ರೂಟರು ತನ್ನ ವಲಯದ ಬಿಡಿ ದಾರಿಗಳನ್ನೆಲ್ಲ ಇಟ್ಟುಕೊಳ್ಳುತ್ತದೆ. ಉಳಿದ ಒಂಬತ್ತು ವಲಯಗಳಿಗೆ ಒಂದೊಂದೇ ಸಾಲು, ‘ಇದು ಆ ವಲಯದ್ದು, ಅಲ್ಲಿರುವ ನಮ್ಮದೇ ರೂಟರಿಗೆ ಕಳಿಸು’ ಎಂದು. ಹತ್ತು ಲಕ್ಷ ಸಾಲುಗಳು ಸಮನಾಗಿ ಹಂಚಿಹೋದರೆ ಒಂದು ರೂಟರಿನಲ್ಲಿ ಲಕ್ಷದ ಮೇಲೆ ಒಂಬತ್ತು ಸಾಲು. ಹೊರಗಿನವರಿಗೆ ಎಂದಿನಂತೆ ಪೂರ್ಣ ವಿವರವೇ ಹೋಗುತ್ತದೆ. ಎದುರಾಳಿಯ ಸಂಚಾರವನ್ನು ಪುಕ್ಕಟೆ ಹೊರುವ ಪ್ರಶ್ನೆಯಿಲ್ಲ. ಒಂದೇ ಸಂಬಳದವರ ನಡುವಿನ ವ್ಯವಹಾರವಾದ್ದರಿಂದ ಅಂಚೆ ಇಲಾಖೆಯ ಅನುಕೂಲ ಇದಕ್ಕೂ ಸಿಗುತ್ತದೆ. ಬೆಲೆಯೂ ಇದೆ: ದೂರದ ವಲಯದ ವಿಳಾಸವನ್ನು ಬಳಸುವ ಗ್ರಾಹಕ ನನ್ನ ಪಕ್ಕದ ಕಟ್ಟಡದಲ್ಲೇ ಜೋಡಣೆ ಪಡೆದಿದ್ದರೂ ಅವನ ಪ್ಯಾಕೆಟ್ಟು ಆ ವಲಯದವರೆಗೆ ಹೋಗಿ ಹಿಂದಿರುಗುತ್ತದೆ. ಅಂಥವರು ಕಡಿಮೆಯಿದ್ದರೆ ಸಹಿಸಬಹುದು, ಹೆಚ್ಚಾದರೆ ಆಗದು.

ಇದೂ ಬಳಕೆಗೆ ಬರಲಿಲ್ಲ. 2011ರ ಫೆಬ್ರವರಿಯಲ್ಲಿ ಐಪಿವಿ4ರ ಕೇಂದ್ರ ದಾಸ್ತಾನು ಬರಿದಾದ ಮೇಲೆ ವಿಳಾಸಗಳು ಸೈಟಿನಂತೆ ಕೊಳ್ಳುವ, ಮಾರುವ ವಸ್ತುವಾದವು. ಒಂದು ಖಂಡದ ಸಂಖ್ಯೆ ಇನ್ನೊಂದು ಖಂಡಕ್ಕೆ ಹೋಗುತ್ತಿದೆ, ಉಳಿದಿದ್ದ ಅಷ್ಟಿಷ್ಟು ಭೂಗೋಳವೂ ಕದಡಿತು. ಇನ್ನೊಂದೆಡೆ ರೂಟರ್ ತಯಾರಕರು ಹತ್ತಾರು ಲಕ್ಷ ಸಾಲು ಹಿಡಿಯುವ ಯಂತ್ರಗಳನ್ನು ತಂದುಬಿಟ್ಟರು. ಹಣವಿರುವವರಿಗೆ ಒತ್ತಡ ಇಳಿಯಿತು. ವಿಳಾಸ ಹಂಚಿಕೆ ಇನ್ನೂ ಎಳೆಯದಾಗಿರುವ ಐಪಿವಿ6ರಲ್ಲಾದರೂ ಇದನ್ನು ಪ್ರಯತ್ನಿಸಬಹುದಿತ್ತೆಂಬುದು ನನ್ನ ಕೊರಗು. ಅಲ್ಲಿನ ಪಟ್ಟಿ ಈಗಾಗಲೇ, ನಾನು ಮೊದಲೇ ಹೇಳಿದಂತೆ, ಎರಡು ಲಕ್ಷ ದಾಟಿದೆ.

ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೊಬ್ಬರು ಚೀಟಿ ಕಳಿಸಿದ್ದಾರೆ: ನಮ್ಮ ಊರಿನ ಐಎಸ್‌ಪಿಗಳೆಲ್ಲ ಇಲ್ಲೇ ಒಂದು ಎಕ್ಸ್‌ಚೇಂಜಿನಲ್ಲಿ ಸೇರಿದರೆ ಜಗತ್ತಿನ ದಾರಿಪಟ್ಟಿ ಕಡಿಮೆಯಾಗುತ್ತದೆಯೇ ಎಂದು. ಒಂದು ಸಾಲೂ ಕಡಿಮೆಯಾಗುವುದಿಲ್ಲ, ಸ್ವಾಮಿ. ಅವರವರ ಸ್ಲ್ಯಾಶ್ 24ಗಳು ಬ್ರೆಜಿಲ್ಲಿನ ರೂಟರಿನಲ್ಲಿ ಹಾಗೆಯೇ ಇರುತ್ತವೆ. ಆದರೆ ಎಂ.ಸಿ.ಸಿ. ‘ಎ’ ಬ್ಲಾಕಿನ ಒಂದು ಮನೆಯಿಂದ ಪಕ್ಕದ ಮನೆಗೆ ಕಳಿಸಿದ ಫೈಲು, ಇಬ್ಬರದೂ ಬೇರೆ ಕಂಪನಿಯ ಸಂಪರ್ಕವೆಂಬ ಕಾರಣಕ್ಕೆ 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಬರುವುದು ತಪ್ಪುತ್ತದೆ. ‘ದಾರಿ ಒಂದೇ ಕಡೆಯಿಂದ ಹೋಗುವುದಾದರೆ’ ಎಂಬ ಆ ಷರತ್ತಿನ ಅರ್ಧಭಾಗ, ಅಂದರೆ ಊರೊಳಗೆ ಎಲ್ಲರೂ ಎಲ್ಲರನ್ನೂ ಮುಟ್ಟುವುದು, ಅಷ್ಟರಿಂದ ಈಡೇರುತ್ತದೆ. ಉಳಿದರ್ಧಕ್ಕೆ ಬೆಂಗಳೂರಿನ ಲಿಂಕಿನ ಬಾಡಿಗೆಯನ್ನು ಮೂವರು ಐಎಸ್‌ಪಿಗಳು ಯಾವ ಲೆಕ್ಕದಲ್ಲಿ ಹಂಚಿಕೊಳ್ಳಬೇಕೆಂಬುದು ಇತ್ಯರ್ಥವಾಗಬೇಕು, ಮತ್ತು ಆ ಮಾತುಕತೆ ಯಾವ ರೂಟರಿನಲ್ಲೂ ನಡೆಯುವಂಥದ್ದಲ್ಲ.